ಒಬ್ಬನ ಉಸಿರು, ಎಲ್ಲರ ಹಾಡು

ಮಾರ್ಚ್ ತಿಂಗಳ ಮೊದಲನೆಯ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ಸಾಮಾನ್ಯವಾಗಿ ತಪಸ್ಸುಕಾಲದ ಗಾಂಭೀರ್ಯದಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಆದರೆ ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ವೇಲ್ಸ್ ಎಂಬ ಪುಟ್ಟ ನಾಡಿಗೆ ಅಂದು ದೊಡ್ಡ ಹಬ್ಬ. ಅದು ಆ ನಾಡಿನ ಪಾಲಕ ಸಂತರಾದ ಡೇವಿಡರ ಸ್ಮರಣೆಯ ದಿನ. ಆರನೆಯ ಶತಮಾನದಲ್ಲಿ ಬಾಳಿದ ಈ ಧರ್ಮಾಧ್ಯಕ್ಷರು ಸನ್ಯಾಸಿಗಳ ಗುರುವೂ ಆಗಿದ್ದರು. ಸೊಪ್ಪು, ರೊಟ್ಟಿ, ನೀರು ಇಷ್ಟೇ ಅವರ ಆಹಾರ. ಅವರ ಮಠದ ಸನ್ಯಾಸಿಗಳು ಎತ್ತುಗಳನ್ನು ಕಟ್ಟದೆ ತಾವೇ ನೇಗಿಲು ಎಳೆಯುತ್ತಿದ್ದರೆಂದು ಪರಂಪರೆ ಹೇಳುತ್ತದೆ. ತಮ್ಮ ಕೊನೆಯ ಪ್ರಬೋಧನೆಯಲ್ಲಿ ಅವರು ಜನರಿಂದ ಮಹತ್ಕಾರ್ಯಗಳನ್ನೇನೂ ಕೇಳಲಿಲ್ಲವಂತೆ. ತಮ್ಮಲ್ಲಿ ಕಂಡ ಚಿಕ್ಕಪುಟ್ಟ ಕೆಲಸಗಳನ್ನೇ ನಿಷ್ಠೆಯಿಂದ ಮಾಡಿಕೊಂಡು ಹೋಗಿರೆಂದು ಹೇಳಿ ಕಣ್ಣುಮುಚ್ಚಿದರಂತೆ.

ಈ ಹಬ್ಬದ ಆಸುಪಾಸಿನ ಸಂಜೆಗಳಲ್ಲಿ ವೇಲ್ಸಿನ ಊರೂರುಗಳಲ್ಲಿ ಸಂಗೀತ ಕಚೇರಿಗಳು ನಡೆಯುತ್ತವೆ. ಒಂದೇ ಬಣ್ಣದ ಕೋಟು ತೊಟ್ಟ ಗಂಡಸರು ಸಾಲುಸಾಲಾಗಿ ನಿಲ್ಲುತ್ತಾರೆ. ಅವರಲ್ಲಿ ಅಜ್ಜಂದಿರಿದ್ದಾರೆ, ಶಾಲಾ ಮೇಷ್ಟ್ರಿದ್ದಾರೆ, ಬಸ್ ಓಡಿಸುವವರಿದ್ದಾರೆ. ಸಂಗೀತವನ್ನು ಹೊಟ್ಟೆಪಾಡು ಮಾಡಿಕೊಂಡವರು ಅಪರೂಪ. ಇವೇ ಲೋಕಪ್ರಸಿದ್ಧವಾದ ವೇಲ್ಸಿನ ಪುರುಷ ಗಾನವೃಂದಗಳು. ಅವುಗಳಲ್ಲಿ ಬಹಳ ಹೆಸರಾದ ಟ್ರಿಯೋರ್ಕಿ ಗಾನವೃಂದದ ಕಥೆಯನ್ನು, ಅದರ ನೆರೆಹೊರೆಯ ಕೆಲವು ವೃಂದಗಳ ಕಥೆಯೊಂದಿಗೆ ಇಲ್ಲಿ ನೆನೆಯೋಣ. ಬಹುಮಾನಗಳ ಪಟ್ಟಿಗಿಂತ ದೊಡ್ಡದೊಂದು ವಿಷಯ ಈ ಕಥೆಯಲ್ಲಿದೆ.

ಕಲ್ಲಿದ್ದಲು ಸಿಕ್ಕಿದ ಕಣಿವೆ

ವೇಲ್ಸಿನ ವಿಸ್ತೀರ್ಣ ನಮ್ಮ ಕರ್ನಾಟಕದ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರ ದಕ್ಷಿಣ ಭಾಗದಲ್ಲಿ ರೊಂದಾ ಎಂಬ ಜೋಡಿ ಕಣಿವೆಗಳಿವೆ. 1851ರಲ್ಲಿ ಅಲ್ಲಿ ಸಾವಿರದ ಆಸುಪಾಸು ಜನ ಮಾತ್ರ ಇದ್ದರು. ಕುರಿ ಮೇಯಿಸುವ ಹಸಿರು ಗುಡ್ಡಗಳು, ತಿಳಿನೀರಿನ ಹೊಳೆ, ಅಲ್ಲೊಂದು ಇಲ್ಲೊಂದು ಮನೆ. ಆದರೆ ನೆಲದಡಿಯಲ್ಲಿ ಹಡಗು ಮತ್ತು ರೈಲುಗಳ ಉಗಿಯಂತ್ರಕ್ಕೆ ಬೇಕಾದ ಉತ್ಕೃಷ್ಟ ಕಲ್ಲಿದ್ದಲು ಇತ್ತು. 1855ರಲ್ಲಿ ಆ ಕಲ್ಲಿದ್ದಲಿನ ಮೊದಲ ರೈಲು ಅಲ್ಲಿಂದ ಹೊರಟಿತು. ಆಮೇಲೆ ಜನಸಾಗರವೇ ಹರಿದು ಬಂತು. 1911ರ ಹೊತ್ತಿಗೆ ಅದೇ ಇಕ್ಕಟ್ಟಾದ ಕಣಿವೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದರು.

ಗುಡ್ಡದ ಅಂಚಿಗೆ ಒಂದಕ್ಕೊಂದು ಒತ್ತಿಕೊಂಡ ಮನೆಗಳ ಉದ್ದನೆಯ ಸಾಲು. ಕೆಳಗೆ ಹೊಳೆ, ರೈಲು ಹಳಿ, ಗಣಿಯ ಬಾಯಿ. ಒಂದೇ ಗಣಿಯಲ್ಲಿ ದುಡಿದು, ಒಂದೇ ಬೀದಿಯಲ್ಲಿ ಬಾಳಿ, ಭಾನುವಾರ ಒಂದೇ ಪ್ರಾರ್ಥನಾಲಯದಲ್ಲಿ ಕುಳಿತುಕೊಳ್ಳುವ ಜನ. 1842ರ ಕಾನೂನು ಹೆಂಗಸರು ಮತ್ತು 10 ವರ್ಷದೊಳಗಿನ ಹುಡುಗರು ನೆಲದಡಿಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. ಹೀಗಾಗಿ ಗಣಿಯ ಕತ್ತಲು ಗಂಡಸರದೇ ಲೋಕವಾಗಿತ್ತು. ದಿನವಿಡೀ ಜೊತೆಯಲ್ಲಿ ದುಡಿದವರು ಸಂಜೆ ಜೊತೆಯಲ್ಲಿ ಹಾಡತೊಡಗಿದ್ದರಲ್ಲಿ ಆಶ್ಚರ್ಯವೇನಿದೆ?

ಸ್ವರ ಕಲಿಸಿದ ಪ್ರಾರ್ಥನಾಲಯ

ಆದರೆ ಹಗಲೆಲ್ಲ ಪಿಕಾಸಿ ಹಿಡಿದ ಈ ಜನರಿಗೆ ನಾಲ್ಕು ಧ್ವನಿಗಳ ಕಠಿಣ ಸಂಗೀತವನ್ನು ಕಲಿಸಿದವರು ಯಾರು? ಅದಕ್ಕೆ ಉತ್ತರ ಅವರ ಪ್ರಾರ್ಥನಾಲಯಗಳು. ಅವು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವಲ್ಲ. ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮೊದಲಾದ ಪ್ರೊಟೆಸ್ಟಂಟ್ ಸಭೆಗಳವು. ಅಲ್ಲಿ ಭಕ್ತಾದಿಗಳೆಲ್ಲರೂ ಹಾಡಬೇಕು, ಅದೂ ಧ್ವನಿ ವಿಭಾಗಿಸಿಕೊಂಡು ಹಾಡಬೇಕು ಎಂಬ ನಿಯಮದಂಥ ರೂಢಿಯಿತ್ತು. 1859ರಲ್ಲಿ ಇವಾನ್ ಗ್ವಿಲ್ಟ್ ಎಂಬ ಕಾವ್ಯನಾಮದ ಬೋಧಕ ಜಾನ್ ರಾಬರ್ಟ್ಸ್ ಅವರು ಸಭೆಯ ಹಾಡುಗಾರಿಕೆಗೆಂದು ರಾಗಗಳ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷ ಅಬರ್ಡೇರ್ ಎಂಬ ಊರಿನಲ್ಲಿ ಹಲವು ಸಭೆಗಳ ಜನರನ್ನು ಒಟ್ಟುಗೂಡಿಸಿ ಬರೀ ಸ್ತುತಿಗೀತೆಗಳನ್ನೇ ಹಾಡುವ ಮಹಾಸಭೆ ನಡೆಸಿದರು. ಅಂಥ ಹಾಡಿನ ಮಹಾಸಭೆಗಳು ವೇಲ್ಸಿನಾದ್ಯಂತ ಹಬ್ಬಿದವು.

ಇನ್ನೊಂದು ಸಹಾಯವೂ ಒದಗಿ ಬಂತು. ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ ಬಡವರಿಗೆ ಕಷ್ಟ, ಅದರ ಪುಸ್ತಕಗಳ ಬೆಲೆಯೂ ಹೆಚ್ಚು. ನಾರಿಚ್ ನಗರದ ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ್ದ ಸುಲಭ ಪದ್ಧತಿಯನ್ನು ಜಾನ್ ಕರ್ವೆನ್ ಎಂಬ ಬೋಧಕರು ಬೆಳೆಸಿದರು. ನಾವು 'ಸ ರಿ ಗ ಮ' ಬರೆದುಕೊಳ್ಳುವಂತೆಯೇ ಡೊ, ರೆ, ಮಿ, ಫಾ ಎಂಬ ಸ್ವರಗಳನ್ನು ಬರೀ ಅಕ್ಷರಗಳಲ್ಲಿ ಬರೆಯುವ ಪದ್ಧತಿಯದು. ಸಾಮಾನ್ಯ ಅಚ್ಚಿನ ಮೊಳೆಗಳಲ್ಲೇ ಮುದ್ರಿಸಬಹುದು, ಕಡಿಮೆ ಬೆಲೆಗೆ ಕೊಳ್ಳಬಹುದು, ಸಂಜೆಯ ತರಗತಿಯಲ್ಲಿ ಕಲಿಯಬಹುದು. ಈ ಸ್ವರನಾಮಗಳ ಮೂಲ ನಮಗೆ ಹತ್ತಿರದ್ದೇ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಅರೆಟ್ಸೊ ಊರಿನ ಗೀದೊ ಎಂಬ ಬೆನೆಡಿಕ್ಟೈನ್ ಸನ್ಯಾಸಿ, ಸ್ನಾನಿಕ ಯೊವಾನ್ನರ ಹಬ್ಬದ ಲತೀನ್ ಗೀತೆಯ ಸಾಲುಗಳ ಮೊದಲ ಅಕ್ಷರಗಳಿಂದ ಈ ಸ್ವರಗಳಿಗೆ ಹೆಸರಿಟ್ಟರು. ಹೀಗೆ ಕಥೋಲಿಕ ಮಠವೊಂದರಲ್ಲಿ ಹುಟ್ಟಿದ ಕಲಿಕೆಯ ಉಪಾಯ ಎಂಟು ನೂರು ವರ್ಷಗಳ ನಂತರ ಪ್ರೊಟೆಸ್ಟಂಟ್ ಗಣಿಕಾರ್ಮಿಕರ ನಾಲಿಗೆಗೆ ಬಂತು.

ಇದೇ ಕಲಿಕೆ ನಮ್ಮ ದೇಶಕ್ಕೂ ಬಂದಿದೆ. 1841ರಲ್ಲಿ ವೇಲ್ಸಿನಿಂದ ಥಾಮಸ್ ಜೋನ್ಸ್ ಎಂಬ ಮಿಶನರಿ ಖಾಸಿ ಬೆಟ್ಟಗಳಿಗೆ ಬಂದರು. ನಂತರ ಬಂದ ವೇಲ್ಸ್ ಮಿಶನರಿಗಳು ಮಿಜೋರಾಮಿನವರೆಗೂ ಹೋದರು. ಇಂದಿಗೂ ಮಿಜೋರಾಮಿನ ದೇವಾಲಯಗಳಲ್ಲಿ ಗಾನವೃಂದಗಳು ಡೊ-ರೆ-ಮಿ ಅಕ್ಷರಲಿಪಿಯನ್ನು ನೋಡಿಕೊಂಡು ನಾಲ್ಕು ಧ್ವನಿಗಳಲ್ಲಿ ಹಾಡುತ್ತವೆ.

ಒಂದು ಪೌಂಡಿನ ಬಹುಮಾನ

ವೇಲ್ಸಿನಲ್ಲಿ 'ಐಸ್ಟೆಡ್‌ವೊಡ್' ಎಂಬ ಹಳೆಯ ಸಂಪ್ರದಾಯವಿದೆ. ಕವಿಗಳೂ ಗಾಯಕರೂ ಸ್ಪರ್ಧಿಸುವ ಸಾಹಿತ್ಯ-ಸಂಗೀತದ ಜಾತ್ರೆಯದು. ಹಳ್ಳಿಯ ಮಟ್ಟದಿಂದ ರಾಷ್ಟ್ರಮಟ್ಟದವರೆಗೂ ನಡೆಯುತ್ತದೆ. ರೊಂದಾ ಕಣಿವೆಯ ಟ್ರಿಯೋರ್ಕಿ ಎಂಬ ಊರಿನಲ್ಲಿ 1883ರಲ್ಲಿ ಅಂಥದ್ದೊಂದು ಸ್ಪರ್ಧೆ ನಡೆಯಿತು. 'ರೆಡ್ ಕೌ' ಎಂಬ ಹೋಟೆಲಿನಲ್ಲಿ ಸೇರುತ್ತಿದ್ದ ಕೆಲವು ಗಂಡಸರು ತಂಡ ಕಟ್ಟಿಕೊಂಡು ಹಾಡಿ ಒಂದು ಪೌಂಡ್ ಬಹುಮಾನ ಗೆದ್ದರು. ಆ ಒಂದು ಪೌಂಡೇ ಟ್ರಿಯೋರ್ಕಿ ಪುರುಷ ಗಾನವೃಂದದ ಮೂಲ ಬಂಡವಾಳ.

ಎರಡು ವರ್ಷಗಳ ನಂತರ ವಿಲಿಯಂ ಥಾಮಸ್ ಎಂಬವರು ಅದರ ನಿರ್ದೇಶಕರಾದರು. ಅವರ ಕೈಯಲ್ಲಿ ಒರಟು ಧ್ವನಿಗಳು ಪಳಗಿದವು. 1895ರಲ್ಲಿ ವಿಂಡ್ಸರ್ ಅರಮನೆಯಿಂದ ಕರೆ ಬಂತು. ವಿಕ್ಟೋರಿಯಾ ಮಹಾರಾಣಿಯ ಮುಂದೆ ಕಣಿವೆಯ ಗಂಡಸರು ನಿಂತು ಹಾಡಿದರು. ಹಿಂದಿನ ದಿನದವರೆಗೆ ಮುಖಕ್ಕೆ ಮಸಿ ಮೆತ್ತಿಕೊಂಡು ಕತ್ತಲಲ್ಲಿ ತೆವಳುತ್ತಿದ್ದವರು ಅಂದು ಅರಮನೆಯ ದೀಪಗಳ ಕೆಳಗೆ ನಿಂತಿದ್ದರು! ಈ ಪರಂಪರೆಯಿಂದಲೇ ಬೆಳೆದ ತಂಡವೊಂದು 1908-09ರಲ್ಲಿ ಥಾಮಸರ ನೇತೃತ್ವದಲ್ಲಿ ಲೋಕಸಂಚಾರವನ್ನೂ ಮಾಡಿತು. ಇದಕ್ಕೂ ಮುಂಚೆ 1893ರ ಸೆಪ್ಟೆಂಬರಿನಲ್ಲಿ, ಸ್ವಾಮಿ ವಿವೇಕಾನಂದರು ಚಿಕಾಗೊದಲ್ಲಿ ಮಾತನಾಡಿದ ಅದೇ ತಿಂಗಳಲ್ಲಿ, ಅದೇ ನಗರದ ವಿಶ್ವಮೇಳದಲ್ಲಿ ರೊಂದಾ ಕಣಿವೆಯ ಇನ್ನೊಂದು ತಂಡ ಪುರುಷ ಗಾನವೃಂದಗಳ ಮೊದಲ ಬಹುಮಾನ ಪಡೆದಿತ್ತು.

ಈ ಗಾಯಕರೆಲ್ಲ ದೇವದೂತರಾಗಿದ್ದರೆಂದು ತಿಳಿಯಬೇಕಾಗಿಲ್ಲ. ಊರೂರುಗಳ ನಡುವೆ ಕಡುಪೈಪೋಟಿಯಿತ್ತು. ಸೋಲು-ಗೆಲುವಿನ ಮೇಲೆ ಜೂಜು ಕಟ್ಟುವವರಿದ್ದರು. ತೀರ್ಪು ಹಿಡಿಸದಿದ್ದಾಗ ತೀರ್ಪುಗಾರರ ಮೇಲೆಯೇ ಜನ ಕೂಗಾಡಿದ್ದೂ ಉಂಟು. ಸ್ಪರ್ಧೆಗಳಲ್ಲಿ ಅವರು ಮೆಚ್ಚಿ ಹಾಡುತ್ತಿದ್ದ ದೊಡ್ಡ ಕೃತಿಗಳಲ್ಲೊಂದು ರೋಮಿನ ಅಖಾಡದಲ್ಲಿ ಕಾಡುಮೃಗಗಳಿಗೆ ಬಲಿಯಾದ ಕ್ರೈಸ್ತ ರಕ್ತಸಾಕ್ಷಿಗಳನ್ನು ಕುರಿತದ್ದು. ಫ್ರಾನ್ಸಿನ ಲೊರಾಂ ದ ರಿಯೆ ಎಂಬವರು ಅದನ್ನು ರಚಿಸಿದ್ದರು. ಸಾವಿನ ಬಾಗಿಲಲ್ಲಿ ನಿಂತು ಹಾಡುವವರ ಆ ಹಾಡು ಗಣಿಕಾರ್ಮಿಕರಿಗೆ ಏಕೆ ಅಷ್ಟು ಹಿಡಿಸಿತೆಂಬುದು ಮುಂದಿನ ಮಾತಿನಿಂದ ತಿಳಿಯುತ್ತದೆ.

ಉಸಿರಿನ ಬೆಲೆ

ಹಾಡಲು ಮೊಟ್ಟಮೊದಲು ಬೇಕಾದದ್ದು ಉಸಿರು. ಗಣಿ ಕಸಿದುಕೊಳ್ಳುತ್ತಿದ್ದುದೂ ಅದನ್ನೇ.

1896ರ ಜನವರಿ 27ರಂದು ರೊಂದಾದ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿ ದೇಹಗಳನ್ನು ಪರೀಕ್ಷಿಸಿದರು. ಹೆಚ್ಚಿನವರನ್ನು ಕೊಂದದ್ದು ಸ್ಫೋಟದ ಪೆಟ್ಟಲ್ಲ, ಆಮೇಲೆ ಹರಡಿದ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಗಾಳಿ ಎಂದು ಅವರು ತೋರಿಸಿಕೊಟ್ಟರು. ಈ ವಿಷವನ್ನು ಮುಂಚಿತವಾಗಿ ತಿಳಿಯಲು ಪುಟ್ಟ ಪ್ರಾಣಿಗಳನ್ನು ಗಣಿಗೆ ಒಯ್ಯಬೇಕೆಂದು ಅವರು ಸಲಹೆ ಕೊಟ್ಟರು. ಗಣಿಗಾರರು ಕೆನರಿ ಹಕ್ಕಿಯನ್ನು ಪಂಜರದಲ್ಲಿಟ್ಟುಕೊಂಡು ಹೋಗುವ ಪದ್ಧತಿ ಹೀಗೆ ಬಂತು. ಹಾಡುವ ಹಕ್ಕಿ ಒರಗಿತೆಂದರೆ ಓಡಬೇಕು. 1913ರ ಅಕ್ಟೋಬರ್ 14ರಂದು ಸೆಂಗೆನಿದ್ ಎಂಬಲ್ಲಿ ನಡೆದ ಸ್ಫೋಟದಲ್ಲಿ 439 ಗಣಿಕಾರ್ಮಿಕರೂ ಅವರನ್ನು ರಕ್ಷಿಸಲು ಇಳಿದ ಒಬ್ಬರೂ ಸತ್ತರು. ಬ್ರಿಟನ್ನಿನ ಗಣಿಗಳ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ದುರಂತವಿಲ್ಲ.

ಸ್ಫೋಟವಾಗದ ದಿನಗಳಲ್ಲಿ ದೂಳು ತನ್ನ ಕೆಲಸ ಮಾಡುತ್ತಿತ್ತು. ಕಲ್ಲಿದ್ದಲಿನ ದೂಳು ವರ್ಷವರ್ಷವೂ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡಿಬಿಡುತ್ತದೆ. ಜನ ಆ ಕಾಯಿಲೆಯನ್ನು ಬರೇ 'ದೂಳು' ಎಂದೇ ಕರೆಯುತ್ತಿದ್ದರು. ದಕ್ಷಿಣ ವೇಲ್ಸಿನ ಗಣಿಗಾರರು ಅದಕ್ಕೆ ಎಷ್ಟು ಬಲಿಯಾದರೆಂದರೆ, 1945ರಲ್ಲಿ ಅದನ್ನು ಅಭ್ಯಸಿಸಲೆಂದೇ ಕಾರ್ಡಿಫ್ ನಗರದ ಬಳಿ ಒಂದು ಸಂಶೋಧನಾ ಕೇಂದ್ರ ತೆರೆಯಬೇಕಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು ಹಾಡುವುದು ಹೇಗೆ?

ಇಲ್ಲೇ ಗಾನವೃಂದದ ಒಂದು ಗುಟ್ಟನ್ನು ಹೇಳಬೇಕು. ಪುರುಷ ಗಾನವೃಂದದಲ್ಲಿ ನಾಲ್ಕು ಗುಂಪುಗಳಿರುತ್ತವೆ. ಎತ್ತರದ ದನಿಯ ಎರಡು ಟೆನರ್ ಸಾಲುಗಳು, ನಡುದನಿಯ ಬ್ಯಾರಿಟೋನ್ ಮತ್ತು ತಗ್ಗುದನಿಯ ಬೇಸ್. ಉದ್ದನೆಯ ಸ್ವರವೊಂದನ್ನು ಹಿಡಿದು ನಿಲ್ಲಿಸಬೇಕಾದಾಗ ಒಬ್ಬನ ಉಸಿರು ಸಾಲುವುದಿಲ್ಲ. ಆಗ ಸಾಲಿನವರೆಲ್ಲ ಒಮ್ಮೆಲೇ ಉಸಿರೆಳೆದುಕೊಳ್ಳುವುದಿಲ್ಲ. ಒಬ್ಬನು ಮೆಲ್ಲಗೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುವಾಗ ಪಕ್ಕದವನು ಸ್ವರವನ್ನು ಹಿಡಿದಿರುತ್ತಾನೆ. ಅವನು ಮರಳಿದ ಮೇಲೆ ಇವನು ಉಸಿರೆಳೆಯುತ್ತಾನೆ. ಕೇಳುವವರ ಕಿವಿಗೆ ಸ್ವರ ಎಲ್ಲೂ ತುಂಡಾಗುವುದಿಲ್ಲ. ಗಣಿಯಲ್ಲಿ ಪಕ್ಕದವನ ಎಚ್ಚರದಿಂದ ತನ್ನ ಜೀವ ಉಳಿಸಿಕೊಂಡವನಿಗೆ ಈ ಪಾಠವನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಈ ಗಾನವೃಂದಗಳ ಇತಿಹಾಸವೂ ಹೀಗೆಯೇ ನಡೆದಿದೆ. ಒಂದು ವೃಂದ ಸುಮ್ಮನಾದಾಗ ಇನ್ನೊಂದು ಹಾಡಿದೆ, ಒಂದು ತಲೆಮಾರು ದಣಿದಾಗ ಮುಂದಿನದು ಸ್ವರ ಹಿಡಿದಿದೆ.

ಕೆಲಸವಿಲ್ಲದವರ ಹಾಡು

1920ರಲ್ಲಿ ದಕ್ಷಿಣ ವೇಲ್ಸಿನ ಗಣಿಗಳಲ್ಲಿ 2,71,000 ಮಂದಿ ದುಡಿಯುತ್ತಿದ್ದರು. ಮರುವರ್ಷದಿಂದಲೇ ಇಳಿಮುಖ ಶುರುವಾಯಿತು. ಹಡಗುಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗಿದವು, ಹೊರದೇಶದ ಮಾರುಕಟ್ಟೆಗಳು ಕೈಬಿಟ್ಟವು. 1926ರಲ್ಲಿ ಮಾಲೀಕರು ಕೂಲಿ ಇಳಿಸಲು ಹೊರಟಾಗ ಗಣಿಗಾರರು ಒಪ್ಪಲಿಲ್ಲ. ಗಣಿಯ ಬಾಗಿಲುಗಳು ಏಳು ತಿಂಗಳು ಮುಚ್ಚಿದವು. ಕೊನೆಗೆ ಹಸಿವೇ ಗೆದ್ದಿತು. ಕಾರ್ಮಿಕರು ಕಡಿಮೆ ಕೂಲಿಗೆ ಮರಳಿದರು. ಅನೇಕರಿಗೆ ಆ ಭಾಗ್ಯವೂ ಸಿಗಲಿಲ್ಲ.

ಈ ಬರಗಾಲದ ಹೊಸ್ತಿಲಲ್ಲಿ, 1924ರಲ್ಲಿ, ಅದೇ ಟೈಲರ್ಸ್‌ಟೌನಿನಲ್ಲಿ ಪೆಂಡಿರಸ್ ಎಂಬ ಗಾನವೃಂದ ಹುಟ್ಟಿತು. ಅದರ ಬಹುಪಾಲು ಸದಸ್ಯರಿಗೆ ಕೆಲಸವಿರಲಿಲ್ಲ. ಆರ್ಥರ್ ಡಗನ್ ಎಂಬವರು ಅಂದು ಹಿಡಿದ ನಿರ್ದೇಶಕರ ಕೋಲನ್ನು 1960ರವರೆಗೆ, ಅಂದರೆ 36 ವರ್ಷ, ಕೆಳಗಿಡಲಿಲ್ಲ. ಅವರ ನಂತರ 1962ರಲ್ಲಿ ಬಂದ ಗ್ಲಿನ್ ಜೋನ್ಸ್ 2000ದವರೆಗೂ ಮುನ್ನಡೆಸಿದರು. ಮುಕ್ಕಾಲು ಶತಮಾನಕ್ಕೆ ಇಬ್ಬರೇ ನಿರ್ದೇಶಕರು!

ಕೆಲಸವಿಲ್ಲದವನಿಗೆ ಹಾಡಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಯಾರಾದರೂ ಕೇಳಬಹುದು. ತುಂಬುವುದಿಲ್ಲ. ಆದರೆ ಕೆಲಸ ಕಳೆದುಕೊಂಡವನು ಕೂಲಿಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಬೆಳಿಗ್ಗೆ ಏಳಲು ಒಂದು ಕಾರಣ, ತನಗಾಗಿ ಕಾಯುವ ಜನ, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಕ್ಕು, ಇವನ್ನೂ ಕಳೆದುಕೊಳ್ಳುತ್ತಾನೆ. ವಾರದ ಅಭ್ಯಾಸ ಅವುಗಳನ್ನು ಅವನಿಗೆ ಮರಳಿ ಕೊಟ್ಟಿತು. ಎರಡನೆಯ ಟೆನರ್ ಸಾಲಿನಲ್ಲಿ ಅವನ ಜಾಗ ಖಾಲಿಯಿದ್ದರೆ ಕೇಳುವವರಿದ್ದರು.

ಸಾಗರದಾಚೆಯ ಧ್ವನಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಟ್ರಿಯೋರ್ಕಿಯ ಗಾನವೃಂದ ಸ್ತಬ್ಧವಾಯಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಊರಿನವರು ಮತ್ತೆ ಕೂಡಿದರು. ಶಾಲಾ ಶಿಕ್ಷಕರಾದ ಜಾನ್ ಹೇಡನ್ ಡೇವಿಸ್ ನಿರ್ದೇಶಕರಾದರು. ಅವರು 1969ರವರೆಗೆ ಸೇವೆ ಸಲ್ಲಿಸಿದರು. ರಾಷ್ಟ್ರೀಯ ಐಸ್ಟೆಡ್‌ವೊಡ್‌ನಲ್ಲಿ ವೃಂದ ಮತ್ತೆ ಮತ್ತೆ ಗೆದ್ದಿತು. ಆದರೆ ಆ ಕಾಲದ ಅವರ ಮರೆಯಲಾಗದ ಹಾಡು ಯಾವ ಸ್ಪರ್ಧೆಯದೂ ಅಲ್ಲ.

ಪಾಲ್ ರೋಬ್ಸನ್ ಅಮೆರಿಕದ ಹೆಸರಾಂತ ಕಪ್ಪುವರ್ಣದ ಗಾಯಕರು. ಅವರ ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಬೋಧಕರಾದವರು. ರೋಬ್ಸನ್ನರಿಗೆ ವೇಲ್ಸಿನ ಗಣಿಗಾರರೊಂದಿಗೆ ಹಳೆಯ ನಂಟಿತ್ತು. 1934ರಲ್ಲಿ ಉತ್ತರ ವೇಲ್ಸಿನ ಗ್ರೆಸ್‌ಫರ್ಡ್ ಗಣಿಯಲ್ಲಿ 266 ಮಂದಿ ಸತ್ತಾಗ ಅವರು ತಮ್ಮ ಕಚೇರಿಯ ಸಂಭಾವನೆಯನ್ನು ಆ ಕುಟುಂಬಗಳ ನಿಧಿಗೆ ಕೊಟ್ಟಿದ್ದರು. 1940ರಲ್ಲಿ ತೆರೆಕಂಡ ಚಲನಚಿತ್ರವೊಂದರಲ್ಲಿ, ತನ್ನ ತಗ್ಗುದನಿಯಿಂದಾಗಿ ವೇಲ್ಸಿನ ಗಾನವೃಂದಕ್ಕೂ ಗಣಿಗೂ ಸೇರಿಕೊಳ್ಳುವ ನಾವಿಕನ ಪಾತ್ರ ವಹಿಸಿದ್ದರು. ಅವರ ರಾಜಕೀಯ ವಿಚಾರಗಳನ್ನು ಮೆಚ್ಚದ ಅಮೆರಿಕ ಸರ್ಕಾರ 1950ರಲ್ಲಿ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಅವರು ಸಾಗರ ದಾಟುವಂತಿರಲಿಲ್ಲ.

1957ರ ಅಕ್ಟೋಬರ್ 5ರಂದು ಪೋರ್ತ್‌ಕಾಲ್ ಎಂಬ ಕಡಲತೀರದ ಊರಿನಲ್ಲಿ ಗಣಿಗಾರರ ಐಸ್ಟೆಡ್‌ವೊಡ್ ನಡೆಯುತ್ತಿತ್ತು. ಸಭಾಂಗಣದಲ್ಲಿ ಸಾವಿರಾರು ಜನ ಸೇರಿದ್ದರು. ಹಿಂದಿನ ವರ್ಷವಷ್ಟೇ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ದೂರವಾಣಿ ಕೇಬಲ್ ಹಾಕಲಾಗಿತ್ತು. ನ್ಯೂಯಾರ್ಕಿನ ಸ್ಟುಡಿಯೊವೊಂದರಲ್ಲಿ ಕುಳಿತು ರೋಬ್ಸನ್ನರು ಹಾಡಿದರು. ಅವರ ದನಿ ಸಾಗರದಡಿಯ ತಂತಿಯಲ್ಲಿ ಹರಿದು ಬಂದು ಸಭಾಂಗಣವನ್ನು ತುಂಬಿತು. ಇತ್ತ ಟ್ರಿಯೋರ್ಕಿ ಗಾನವೃಂದ ಅವರಿಗಾಗಿ ಹಾಡಿತು. ಕೊನೆಗೆ ನೆರೆದ ಜನರೆಲ್ಲ ತಮ್ಮ ನಾಡಗೀತೆಯನ್ನು ಆ ತಂತಿಯ ಮೂಲಕವೇ ಅವರಿಗೆ ಕೇಳಿಸಿದರು. ದೇಹಕ್ಕೆ ತಡೆಯಿತ್ತು, ದನಿಗೆ ಇರಲಿಲ್ಲ. 1958ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಪಾಸ್‌ಪೋರ್ಟ್ ಮರಳಿ ದೊರೆಯಿತು. ಅದೇ ವರ್ಷ ರೋಬ್ಸನ್ನರು ವೇಲ್ಸಿನ ರಾಷ್ಟ್ರೀಯ ಐಸ್ಟೆಡ್‌ವೊಡ್‌ಗೆ ಸ್ವತಃ ಬಂದು ಜನರ ಎದುರಿಗೆ ನಿಂತರು.

ಮಕ್ಕಳಿಲ್ಲದ ಊರು

ರೊಂದಾದಿಂದ ಗುಡ್ಡಗಳಾಚೆ, ಮರ್ಥರ್ ಪಟ್ಟಣದ ಹತ್ತಿರ, ಅಬರ್‌ವಾನ್ ಎಂಬ ಗಣಿಗಾರರ ಊರಿದೆ. ಗಣಿಯಿಂದ ತೆಗೆದ ಕೆಲಸಕ್ಕೆ ಬಾರದ ಮಣ್ಣು-ಕಲ್ಲನ್ನು ಊರಿನ ಮೇಲಿನ ಗುಡ್ಡದಲ್ಲಿ ರಾಶಿ ಹಾಕುತ್ತಿದ್ದರು. ಏಳನೆಯ ರಾಶಿಯ ಅಡಿಯಲ್ಲಿ ನೀರಿನ ಒರತೆಯಿತ್ತು. 1966ರ ಅಕ್ಟೋಬರ್ 21, ಶುಕ್ರವಾರ, ಬೆಳಿಗ್ಗೆ 9 ಗಂಟೆ 15 ನಿಮಿಷ. ಆ ರಾಶಿ ಕೆಸರಾಗಿ ಕುಸಿದು ಕೆಳಗಿನ ಪ್ರಾಥಮಿಕ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಂದಿ ಮಕ್ಕಳು.

ಗಣಿಯೊಳಗಿದ್ದ ಅಪ್ಪಂದಿರು ಮೇಲೆ ಓಡಿಬಂದು ತಮ್ಮ ಮಕ್ಕಳಿಗಾಗಿ ಕೆಸರು ಅಗೆದರು. ಆಗಾಗ ಸೀಟಿ ಊದುತ್ತಿದ್ದರು. ಸೀಟಿ ಕೇಳಿದೊಡನೆ ನೂರಾರು ಜನ ಗುದ್ದಲಿ ನಿಲ್ಲಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೆಳಗಿನಿಂದ ಯಾವುದಾದರೂ ಮಗುವಿನ ದನಿ ಕೇಳೀತೇ ಎಂದು. 11 ಗಂಟೆಯ ನಂತರ ಯಾರೂ ಜೀವಂತವಾಗಿ ಹೊರಬರಲಿಲ್ಲ.

1967ರ ವಿಚಾರಣಾ ವರದಿ ಇದಕ್ಕೆ ಸರ್ಕಾರಿ ಕಲ್ಲಿದ್ದಲು ಮಂಡಳಿಯೇ ಹೊಣೆಯೆಂದು ಸ್ಪಷ್ಟವಾಗಿ ಹೇಳಿತು. ಆದರೂ ಉಳಿದ ರಾಶಿಗಳನ್ನು ತೆಗೆಸುವ ಖರ್ಚಿಗೆಂದು, ಜನ ಕಣ್ಣೀರಿಟ್ಟು ಕೊಟ್ಟಿದ್ದ ಪರಿಹಾರನಿಧಿಯಿಂದಲೇ 1,50,000 ಪೌಂಡ್ ತೆಗೆದುಕೊಳ್ಳಲಾಯಿತು. ಆ ಹಣ ಮರಳಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. 2007ರಲ್ಲಿ ವೇಲ್ಸಿನ ಸರ್ಕಾರ ಸ್ಮಾರಕ ನಿಧಿಗೆ ಮತ್ತೆ 15 ಲಕ್ಷ ಪೌಂಡ್ ಕೊಟ್ಟಿತು.

ಈ ಊರಿನ ಗಂಡಸರು ಏನು ಮಾಡಬೇಕಿತ್ತು? ಮಾತಾಡಿದರೆ ಅಳು, ಮನೆಯಲ್ಲಿ ಕೂತರೆ ಖಾಲಿ ಹಾಸಿಗೆ. ಅವರು ಸೇರಿ ಒಂದು ಗಾನವೃಂದ ಕಟ್ಟಿದರು. ನೆರೆಯ ಊರಿನ ಹಳೆಯ ಹೆಸರನ್ನು ತೆಗೆದುಕೊಂಡು ಅದಕ್ಕೆ ಅನಿಸೋವೆನ್ ಎಂದು ಹೆಸರಿಟ್ಟರು. ಕೇಳುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ದುಃಖ ಗಂಟಲಿನಲ್ಲಿ ಕಟ್ಟಿಕೊಳ್ಳುತ್ತದೆ ಎನ್ನುತ್ತೇವಲ್ಲವೇ? ಒಬ್ಬನೇ ಬಿಡಿಸಿಕೊಳ್ಳಲಾಗದ ಆ ಗಂಟನ್ನು ಅವರು ಒಟ್ಟಿಗೆ ನಿಂತು ಬಿಡಿಸಿಕೊಳ್ಳಲು ಯತ್ನಿಸಿದರು. ಒಬ್ಬನ ದನಿ ನಡುಗಿ ನಿಂತರೆ ಪಕ್ಕದವನು ಸ್ವರ ಹಿಡಿದಿರುತ್ತಾನೆ. ಉಸಿರಿನ ಆ ಪಾಠ ಇಲ್ಲಿ ಸಂಗೀತಕ್ಕಿಂತ ದೊಡ್ಡದಾಯಿತು.

ಗಣಿ ಹೋಯಿತು, ಹಾಡು ಉಳಿಯಿತು

1984ರ ಮಾರ್ಚ್‌ನಲ್ಲಿ ಗಣಿಗಳನ್ನು ಮುಚ್ಚುವ ಯೋಜನೆಯ ವಿರುದ್ಧ ಗಣಿಗಾರರ ಮಹಾಮುಷ್ಕರ ಶುರುವಾಯಿತು. ಅದು ಸುಮಾರು ಒಂದು ವರ್ಷ ನಡೆಯಿತು. ಮುಷ್ಕರದಲ್ಲಿದ್ದ ದಕ್ಷಿಣ ವೇಲ್ಸಿನ ಗಣಿಗಾರರೇ ಒಂದು ಗಾನವೃಂದ ಕಟ್ಟಿ, ತಮ್ಮ ಕುಟುಂಬಗಳ ಸಹಾಯಕ್ಕಾಗಿ ಹಾಡಿದರು. 1985ರ ಮಾರ್ಚ್‌ನಲ್ಲಿ ಅವರು ಸೋತು ಕೆಲಸಕ್ಕೆ ಮರಳಿದರು. ಮಾರ್ಡಿ ಗಣಿಯವರು ವಾದ್ಯಮೇಳದೊಂದಿಗೆ, ಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋದರು. 1990ರ ಡಿಸೆಂಬರಿನಲ್ಲಿ ಆ ಗಣಿಯೂ ಮುಚ್ಚಿತು. ಅದು ರೊಂದಾ ಕಣಿವೆಯ ಕೊನೆಯ ಗಣಿ.

ಗಣಿಯೇ ಇಲ್ಲದ ಮೇಲೆ ಗಣಿಗಾರರ ಗಾನವೃಂದವೇಕೆ? ಸ್ತುತಿಗೀತೆ ಕಲಿಸಿದ ಪ್ರಾರ್ಥನಾಲಯಗಳೂ ಒಂದೊಂದಾಗಿ ಮುಚ್ಚತೊಡಗಿದ್ದವು. ಬುದ್ಧಿವಂತರ ಲೆಕ್ಕದಲ್ಲಿ ಟ್ರಿಯೋರ್ಕಿಯ ವೃಂದ ಆಗಲೇ ಮುಗಿಯಬೇಕಿತ್ತು. ಆದರೆ ಮುಗಿಯಲಿಲ್ಲ. 1969ರಿಂದ 1991ರವರೆಗೆ ಜಾನ್ ಕನನ್ ಜೋನ್ಸ್ ಅದನ್ನು ನಡೆಸಿದರು, ಆಮೇಲೆ ಬೇರೆಯವರು ಬಂದರು. ಅದರ ಧ್ವನಿಮುದ್ರಿಕೆಗಳು ಐವತ್ತನ್ನು ದಾಟಿದವು. ಗಣಿಗಾರರು ತಮ್ಮ ಕೂಲಿಯ ಪ್ರತಿ ಪೌಂಡಿಗೆ ಒಂದು ಪೆನ್ನಿಯಂತೆ ಕೂಡಿಸಿ ಕಟ್ಟಿದ, 1913ರಲ್ಲಿ ತೆರೆದ 'ಪಾರ್ಕ್ ಅಂಡ್ ಡೇರ್' ಸಭಾಂಗಣ ಟ್ರಿಯೋರ್ಕಿಯಲ್ಲಿ ಇಂದಿಗೂ ನಿಂತಿದೆ. ಗಣಿಯ ಹೆಸರು ಈಗ ಸಂಗೀತ-ನಾಟಕದ ಮನೆಯ ಹೆಸರಾಗಿ ಮಾತ್ರ ಉಳಿದಿದೆ.

ಕಷ್ಟ ತೀರಿದೆಯೆಂದಲ್ಲ. ವೇಲ್ಸಿನ ಬಹಳಷ್ಟು ಗಾನವೃಂದಗಳಲ್ಲಿ ತಲೆಗಳು ಬೆಳ್ಳಗಾಗಿವೆ. ಯುವಕರು ಕಡಿಮೆ. ಕೆಲವು ವೃಂದಗಳು ಮುಚ್ಚಿವೆ, ಕೆಲವು ಒಂದರಲ್ಲೊಂದು ಸೇರಿಹೋಗಿವೆ. 2020ರಲ್ಲಿ ಕೊರೊನಾ ಬಂದಾಗ ಒಟ್ಟಿಗೆ ನಿಂತು ಹಾಡುವುದೇ ಅಪಾಯವೆಂದು ತಿಂಗಳುಗಟ್ಟಲೆ ಅಭ್ಯಾಸ ನಿಂತಿತು. ಉಸಿರನ್ನೇ ಭಯಪಡಬೇಕಾದ ಕಾಲ ಈ ಕಣಿವೆಗಳಿಗೆ ಹೊಸದೇನಲ್ಲ. ಅದೂ ಕಳೆಯಿತು, ಸಾಲುಗಳು ಮತ್ತೆ ನಿಂತವು. 2023ಕ್ಕೆ ಆ ಒಂದು ಪೌಂಡಿನ ಬಹುಮಾನಕ್ಕೆ 140 ವರ್ಷ ತುಂಬಿತು.

ಪ್ರಿಯ ಓದುಗರೇ, ಇಷ್ಟೊಂದು ಕಾಲ ಈ ಹಾಡು ತುಂಡಾಗದೆ ಬಂದದ್ದು ಯಾರೋ ಒಬ್ಬ ಮಹಾಗಾಯಕನಿಂದಲ್ಲ. ಅರಮನೆಯ ಕಚೇರಿ ಒಮ್ಮೆ ಬಂತು, ಸಾಗರದಾಚೆಯ ದನಿ ಒಮ್ಮೆ ಕೇಳಿಸಿತು. ಉಳಿದ ಸಾವಿರಾರು ಸಂಜೆಗಳಲ್ಲಿ ನಡೆದದ್ದು ಬರೀ ಅಭ್ಯಾಸ. ದಣಿದು ಬಂದವನು ಮುಖ ತೊಳೆದು, ಮಳೆಯಲ್ಲಿ ನಡೆದು ಹೋಗಿ, ತನ್ನ ಸಾಲಿನಲ್ಲಿ ನಿಂತು, ಪಕ್ಕದವನ ದನಿಗೆ ಕಿವಿಗೊಟ್ಟು, ತನ್ನ ದನಿಯನ್ನು ಅದಕ್ಕೆ ತಕ್ಕಂತೆ ತಗ್ಗಿಸಿದ. ಮುಂದಿನ ವಾರವೂ ಹೋದ. ಸಂತ ಡೇವಿಡರು ತಮ್ಮ ಜನರಿಗೆ ಬಿಟ್ಟುಹೋದ ಚಿಕ್ಕಪುಟ್ಟ ಕೆಲಸಗಳ ಪಟ್ಟಿಯಲ್ಲಿ ಇದೂ ಸೇರಿರಬೇಕು.

ಮುಂದಿನ ಭಾನುವಾರ ನಮ್ಮ ದೇವಾಲಯದಲ್ಲಿ ಗಾನವೃಂದದವರು ಹಾಡು ಎತ್ತಿಕೊಂಡಾಗ, ಹಿಂದಿನ ಬಾಗಿಲ ಬಳಿ ಕೈಕಟ್ಟಿ ನಿಲ್ಲುವ ನಮ್ಮ ಗಂಡಸರಿಗೆ ಈ ಗಣಿಗಾರರ ನೆನಪಾಗಲಿ. ನಮ್ಮ ಉಸಿರು ದೊಡ್ಡದೇ ಆಗಿರಬೇಕೆಂದಿಲ್ಲ. ಪಕ್ಕದವರು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಸ್ವರ ಹಿಡಿದು ನಿಂತರೆ ಸಾಕು.